ಮರೆಯಲು ಬಿಡದ ಯಂತ್ರ

ಊರು ಬಿಟ್ಟು ಬಂದವನಿಗೆ ಪರಊರು ಅನ್ನವನ್ನು ಕೊಡುತ್ತದೆ. ಅದರೊಡನೆ ಹೊಸದಾಗಿ ಬಾಳನ್ನು ಆರಂಭಿಸುವ ಅವಕಾಶವನ್ನೂ ಕೊಡುತ್ತದೆ. ಉಡುಪಿ-ಕುಂದಾಪುರಗಳಿಂದ ಬಂದು ಪುಣೆಯ ಹೋಟೆಲುಗಳಲ್ಲಿ ದುಡಿದವರು, ವಿಜಯಪುರ, ಕಲಬುರ್ಗಿ, ಯಾದಗಿರಿಗಳಿಂದ ಮಳೆಯಿಲ್ಲದ ವರ್ಷಗಳಲ್ಲಿ ಬಂದು ಇಲ್ಲಿಯ ಕಟ್ಟಡಗಳಿಗೆ ಕಲ್ಲುಮಣ್ಣು ಹೊತ್ತವರು, ಈಚೆಗೆ ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಗಳಿಗೆ ಬಂದ ತರುಣ ತರುಣಿಯರು, ಇವರಲ್ಲಿ ಯಾರನ್ನೂ ಈ ನಗರವು ಹಿಂದಿನ ಲೆಕ್ಕ ಕೇಳಿ ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊಲದ ಬದುವಿಗಾಗಿ ದಾಯಾದಿಗಳು ಹೂಡಿದ ಫೌಜದಾರಿ ಖಟ್ಲೆಯಾಗಲಿ, ಮುರಿದುಬಿದ್ದ ಮದುವೆಯ ಮಾತಾಗಲಿ ಊರಿನ ಕಟ್ಟೆಯ ಮೇಲೆಯೇ ಉಳಿಯುತ್ತಿತ್ತು. ಪುಣೆಯು ಕೈಯ ಕೆಲಸವನ್ನು ನೋಡಿ ಮನುಷ್ಯನನ್ನು ಅಳೆಯುತ್ತಿತ್ತು.

ಆ ಕಾಲ ಈಗ ಉಳಿದಿಲ್ಲ. ಮನೆಯನ್ನು ಬಾಡಿಗೆಗೆ ಕೊಡುವ ಯಜಮಾನನು, ನೌಕರಿ ಕೊಡುವ ಕಂಪನಿಯು, ಸಂಬಂಧ ಬೆಳೆಸಲು ಬರುವ ಬೀಗರು, ಎಲ್ಲರೂ ಮೊದಲು ಮಾಡುವ ಕೆಲಸವೆಂದರೆ ಎದುರಿನವರ ಹೆಸರನ್ನು ಶೋಧಯಂತ್ರದಲ್ಲಿ ಹಾಕಿ ನೋಡುವುದು. ಹತ್ತು ವರ್ಷಗಳ ಹಿಂದೆ ಬಂಧನವಾದ ಸುದ್ದಿ ಅಲ್ಲಿ ಮೊದಲ ಸಾಲಿನಲ್ಲಿ ಕಾಣುತ್ತದೆ. ಮೂರು ವರ್ಷಗಳ ನಂತರ ನಿರ್ದೋಷಿಯೆಂದು ಬಿಡುಗಡೆಯಾದ ಸಂಗತಿ ಎಲ್ಲಿಯೋ ಕೆಳಗೆ ಇರುತ್ತದೆ, ಅಥವಾ ಇರುವುದೇ ಇಲ್ಲ. ಏಕೆಂದರೆ ಬಂಧನ ಸುದ್ದಿಯಾಗುತ್ತದೆ, ಬಿಡುಗಡೆ ಹಲವು ಸಲ ಸುದ್ದಿಯಾಗುವುದಿಲ್ಲ. ನ್ಯಾಯಾಲಯವು ಕ್ಷಮಿಸಿದ ಮನುಷ್ಯನನ್ನೂ, ನ್ಯಾಯಾಲಯದ ಮೆಟ್ಟಿಲನ್ನು ನ್ಯಾಯ ಬೇಡಲೆಂದು ಏರಿದ ಹೆಂಗಸನ್ನೂ ಈ ಯಂತ್ರವು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಇಂತಹ ಬರಹವನ್ನು ಶೋಧಯಂತ್ರದ ಪಟ್ಟಿಯಿಂದ ಶಾಶ್ವತವಾಗಿ ತೆಗೆಸುವ ಹಕ್ಕು ಪ್ರಜೆಗೆ ಇದೆಯೇ, ಇರಬೇಕೆ, ಇದ್ದರೆ ಎಷ್ಟರ ಮಟ್ಟಿಗೆ ಎಂಬ ಪ್ರಶ್ನೆಯನ್ನು ಇಂದು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಮೊದಮೊದಲು ಉತ್ತರ ಕೊಡಲು ಯತ್ನಿಸಿದ ನ್ಯಾಯಾಲಯಗಳಲ್ಲಿ ಕರ್ನಾಟಕ ಹೈಕೋರ್ಟು ಒಂದೆಂಬುದು ಕನ್ನಡಿಗರು ತಿಳಿದಿರಬೇಕಾದ ಸಂಗತಿ. 2017ರ ಜನವರಿ 23ರಂದು ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು ಒಬ್ಬ ತಂದೆಯ ಅರ್ಜಿಯ ಮೇಲೆ ಆದೇಶವಿತ್ತರು. ಆತನ ಮಗಳು ಹಿಂದೆ ಒಬ್ಬನ ಮೇಲೆ ಹೂಡಿದ್ದ ಫಿರ್ಯಾದು ರಾಜಿಯಲ್ಲಿ ಮುಗಿದು, 2015ರಲ್ಲಿ ಹೈಕೋರ್ಟೇ ಆ ಪ್ರಕರಣವನ್ನು ರದ್ದುಪಡಿಸಿತ್ತು. ಆದರೆ ಆ ಆದೇಶದ ತಲೆಬರಹದಲ್ಲಿ ಮಗಳ ಹೆಸರಿತ್ತು. ಹೆಸರನ್ನು ಹುಡುಕಿದವರಿಗೆಲ್ಲ ಅದು ಕಾಣುವುದೆಂದೂ, ಆಕೆಯ ಸಂಸಾರಕ್ಕೂ ಮಾನಕ್ಕೂ ಇದರಿಂದ ಧಕ್ಕೆಯೆಂದೂ ತಂದೆಯ ಅಳಲು. ಅಂತರಜಾಲದಲ್ಲಿ ಹುಡುಕಿದಾಗ ಆಕೆಯ ಹೆಸರು ಆದೇಶದ ತಲೆಬರಹದಲ್ಲಾಗಲಿ ಒಡಲಿನಲ್ಲಾಗಲಿ ಕಾಣದಂತೆ ನೋಡಿಕೊಳ್ಳಲು ರಿಜಿಸ್ಟ್ರಿಯು ಯತ್ನಿಸಬೇಕೆಂದು ಹೈಕೋರ್ಟು ವಿಧಿಸಿತು. ಸ್ತ್ರೀಯರ ಮಾನಕ್ಕೆ ಸಂಬಂಧಿಸಿದ ಸೂಕ್ಷ್ಮ ಪ್ರಕರಣಗಳಲ್ಲಿ ಪಾಶ್ಚಾತ್ಯ ದೇಶಗಳು ಪಾಲಿಸುವ 'ಮರೆಯಲ್ಪಡುವ ಹಕ್ಕಿ'ಗೆ ಇದು ಅನುಗುಣವಾದುದೆಂದು ಹೇಳಿತು. ತೀರ್ಪು ಉಳಿಯಿತು, ಅದರ ಕಾರಣಗಳು ಉಳಿದವು, ಹೆಸರು ಮಾತ್ರ ಮರೆಯಾಯಿತು. ಈ ವಿವೇಕವನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ.

ಆದರೆ ಅದೇ ಆದೇಶದಲ್ಲಿ ಒಂದು ಕೊರತೆಯೂ ಇದ್ದಿತು. ಹೈಕೋರ್ಟಿನ ಸ್ವಂತ ಜಾಲತಾಣದಲ್ಲಿ ಹೆಸರನ್ನು ಮುಚ್ಚುವ ಅವಶ್ಯಕತೆಯಿಲ್ಲವೆಂದೂ, ದೃಢೀಕೃತ ನಕಲು ಕೇಳಿದವರಿಗೆ ಹೆಸರು ಸಹಿತವಾಗಿಯೇ ನಕಲು ದೊರೆಯುವುದೆಂದೂ ಅದು ಸ್ಪಷ್ಟಪಡಿಸಿತು. ದೃಢೀಕೃತ ನಕಲಿನ ಮಾತು ಯುಕ್ತವೇ. ಆದರೆ ಮೂಲ ತಾಣದಲ್ಲಿ ಹೆಸರು ತೆರೆದಿರುವಾಗ ಬೇರೆಡೆ ಅದು ಎಷ್ಟು ದಿನ ಮರೆಯಲ್ಲಿದ್ದೀತು? ಬೇರನ್ನು ಬಿಟ್ಟು ಎಲೆಗಳನ್ನು ಸವರಿದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ.

ಅದೇ ಜನವರಿಯಲ್ಲಿ ಗುಜರಾತ ಹೈಕೋರ್ಟು ಇದಕ್ಕೆ ತೀರ ಭಿನ್ನವಾದ ದಾರಿಯನ್ನು ಹಿಡಿಯಿತು. ಖಟ್ಲೆಯಲ್ಲಿ ಬಿಡುಗಡೆ ಹೊಂದಿದ ಒಬ್ಬನು ತನ್ನ ತೀರ್ಪು ಸಾರ್ವಜನಿಕವಾಗಿ ಕಾಣದಂತೆ ಶಾಶ್ವತ ತಡೆಯನ್ನು ಬೇಡಿದಾಗ, ಅದಕ್ಕೆ ಕಾಯದೆಯ ಆಧಾರವಿಲ್ಲವೆಂದು ಅರ್ಜಿ ವಜಾ ಆಯಿತು. ಅದೇ ವರ್ಷದ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಪೀಠದ ನ್ಯಾಯಮೂರ್ತಿ ಸಂಜಯ ಕಿಶನ್ ಕೌಲರು ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ಮರೆಯಲ್ಪಡುವ ಹಕ್ಕನ್ನೂ ಅದಕ್ಕಿರಬೇಕಾದ ಮಿತಿಗಳನ್ನೂ ವಿವೇಚಿಸಿದರು.

ಬಳಿಕವೂ ಗೊಂದಲ ತೀರಲಿಲ್ಲ. ಒರಿಸ್ಸಾ ಹೈಕೋರ್ಟು 2020ರ ನವೆಂಬರದಲ್ಲಿ, ಸ್ತ್ರೀಯೊಬ್ಬಳ ಮಾನಹರಣದ ಚಿತ್ರಗಳನ್ನು ಸಾಮಾಜಿಕ ಜಾಲದಲ್ಲಿ ಹಾಕಿದ ಪ್ರಕರಣದಲ್ಲಿ, ಅಂತಹ ಚಿತ್ರಗಳನ್ನು ಶಾಶ್ವತವಾಗಿ ಅಳಿಸಿಹಾಕಿಸುವ ಹಕ್ಕನ್ನು ನಮ್ಮ ಕಾಯದೆ ನೊಂದವಳಿಗೆ ಕೊಟ್ಟಿಲ್ಲವೆಂದು ಮರುಗಿತು. ದಿಲ್ಲಿ ಹೈಕೋರ್ಟು 2021ರ ಏಪ್ರಿಲ್ 12ರಂದು, ಮಾದಕವಸ್ತುವಿನ ಖಟ್ಲೆಯಲ್ಲಿ ನಿರ್ದೋಷಿಯೆಂದು ಬಿಡುಗಡೆಯಾಗಿಯೂ ನೌಕರಿ ದೊರೆಯದೆ ಪರದಾಡಿದ ಒಬ್ಬನಿಗೆ ಮಧ್ಯಂತರ ರಕ್ಷಣೆಯನ್ನಿತ್ತು, 'ಇಂಡಿಯನ್ ಕಾನೂನ್' ತಾಣದಲ್ಲಿದ್ದ ತೀರ್ಪು ಶೋಧಯಂತ್ರಗಳ ಮೂಲಕ ಸಿಗದಂತೆ ತಡೆಯಲು ಆಜ್ಞಾಪಿಸಿತು. ಮದರಾಸು ಹೈಕೋರ್ಟಿನ ಏಕಪೀಠವು 2021ರಲ್ಲಿ ಇಂತಹದೇ ಬೇಡಿಕೆಯನ್ನು ತಳ್ಳಿಹಾಕಿತು. 2024ರ ಫೆಬ್ರವರಿಯಲ್ಲಿ ಅಲ್ಲಿಯ ವಿಭಾಗೀಯ ಪೀಠ ಅದನ್ನು ಎತ್ತಿಹಿಡಿಯಿತು. ಅದೇ ಜುಲೈಯಲ್ಲಿ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ಒಂದೇ ದೇಶದಲ್ಲಿ ಒಂದೇ ಬಗೆಯ ಅಳಲಿಗೆ ಬೆಂಗಳೂರಿನಲ್ಲಿ ಒಂದು ಉತ್ತರ, ಅಹಮದಾಬಾದಿನಲ್ಲಿ ಇನ್ನೊಂದು, ಚೆನ್ನೈಯಲ್ಲಿ ಎರಡು! ಬೆಳಗಾವಿಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದವನ ಮಾನವು ಯಾವ ಹೈಕೋರ್ಟಿನ ಸರಹದ್ದಿನಲ್ಲಿದೆಯೆಂಬುದರ ಮೇಲೆ ನಿಲ್ಲತಕ್ಕದ್ದೆ?

ಇನ್ನು, 'ಶಾಶ್ವತವಾಗಿ ತೆಗೆಯುವುದು' ಎಂಬ ಮಾತಿನ ನಿಜವಾದ ಅರ್ಥವನ್ನು ಅರಿಯಬೇಕು. ಅದನ್ನು ಅರಿಯದೆ ಹಣ ಕಳೆದುಕೊಳ್ಳುವವರಿದ್ದಾರೆ. ಶೋಧಯಂತ್ರದ ಮೂಲ ಕೆಲಸ ಗ್ರಂಥಾಲಯದ ಸೂಚಿಯನ್ನು ಹೋಲುತ್ತದೆ. ಅದು ಕೊಂಡಿಯಿಂದ ಕೊಂಡಿಗೆ ಸಾಗಿ ಲೋಕದ ಪುಟಗಳನ್ನು ಓದುತ್ತದೆ, ಯಾವ ಮಾತು ಯಾವ ಪುಟದಲ್ಲಿದೆಯೆಂದು ಬರೆದಿಟ್ಟುಕೊಳ್ಳುತ್ತದೆ, ಕೇಳಿದವರಿಗೆ ಕ್ರಮವಾಗಿ ತೋರಿಸುತ್ತದೆ. ಸೂಚಿಯಿಂದ ಚೀಟಿಯನ್ನು ಕಿತ್ತರೆ ಪುಸ್ತಕವು ಕಪಾಟಿನಲ್ಲಿಯೇ ಇರುತ್ತದೆ. ಪುಸ್ತಕವನ್ನೇ ತೆಗೆದರೆ ಚೀಟಿಯೂ ತಕ್ಕ ಕಾಲದಲ್ಲಿ ಹೋಗುತ್ತದೆ. ಆದುದರಿಂದ ಬರಹವನ್ನು ಹಾಕಿದ ತಾಣದ ಒಡೆಯನೇ ಅದನ್ನು ತೆಗೆದು, 404 ಅಥವಾ 410 ಎಂಬ 'ಇಲ್ಲಿ ಏನೂ ಇಲ್ಲ' ಎನ್ನುವ ಉತ್ತರವು ಯಂತ್ರಕ್ಕೆ ಸಿಗುವಂತೆ ಮಾಡುವುದೇ ಗಟ್ಟಿಯಾದ ದಾರಿ. ಪುಟ ಉಳಿಯಬೇಕು, ಸೂಚಿಯಲ್ಲಿ ಮಾತ್ರ ಬರಬಾರದೆಂದಿದ್ದರೆ 'ನೋಇಂಡೆಕ್ಸ್' ಎಂಬ ಗುರುತನ್ನು ಪುಟಕ್ಕೆ ಹಚ್ಚಬಹುದು. ಅನೇಕರು 'ರೋಬೋಟ್ಸ್' ಕಡತದಲ್ಲಿ ಯಂತ್ರಕ್ಕೆ ಪ್ರವೇಶ ನಿಷೇಧಿಸಿ ಕೆಲಸವಾಯಿತೆಂದು ತಿಳಿಯುತ್ತಾರೆ. ಅದು ತಪ್ಪು. ಒಳಗೆ ಹೋಗಲಾರದ ಯಂತ್ರಕ್ಕೆ ಒಳಗಿರುವ ಗುರುತೂ ಕಾಣದು. ಬೇರೆಯವರು ಕೊಟ್ಟ ಕೊಂಡಿಗಳಿಂದ ಆ ಪುಟದ ವಿಳಾಸ ಪಟ್ಟಿಯಲ್ಲಿ ಉಳಿಯಲೂಬಹುದು. ತಾಣದ ಒಡೆಯರಿಗಾಗಿ ಗೂಗಲ್ ಇಟ್ಟಿರುವ ತೆಗೆಯುವ ಸಾಧನವಾದರೂ ಸುಮಾರು ಆರು ತಿಂಗಳ ಮಟ್ಟಿಗೆ ಮಾತ್ರ ಮರೆಮಾಡುತ್ತದೆ. ಅಷ್ಟರೊಳಗೆ ಮೂಲವನ್ನು ತೆಗೆಯದಿದ್ದರೆ ಪುಟವು ಮತ್ತೆ ತಲೆಯೆತ್ತುತ್ತದೆ.

ತಾಣವು ನಮ್ಮದಲ್ಲದಿದ್ದರೆ? ಮೊದಲು ತಾಣದ ಒಡೆಯನಿಗೆ ಬರೆಯಬೇಕು. ಅವನು ಅಳಿಸಿದ ಮೇಲೆಯೂ ಹಳೆಯ ಸಾಲುಗಳು ಪಟ್ಟಿಯಲ್ಲಿ ಕಾಣುತ್ತಿದ್ದರೆ ಹಳತಾದ ಫಲಿತಾಂಶವನ್ನು ನವೀಕರಿಸಲು ಶೋಧಯಂತ್ರವನ್ನೇ ಕೇಳಬಹುದು. ದೂರವಾಣಿ ಸಂಖ್ಯೆ, ಮನೆಯ ವಿಳಾಸ, ಮಿಂಚಂಚೆ ವಿಳಾಸಗಳು ಫಲಿತಾಂಶದಲ್ಲಿ ಕಾಣದಂತೆ ಮಾಡಲು ಯಾರಾದರೂ ಬೇಡಿಕೆ ಸಲ್ಲಿಸಬಹುದೆಂದು ಗೂಗಲ್ 2022ರ ಏಪ್ರಿಲಿನಲ್ಲಿ ತನ್ನ ನಿಯಮವನ್ನು ವಿಸ್ತರಿಸಿತು. ಈ ಅರ್ಜಿಗಳಿಗೆ ಶುಲ್ಕವಿಲ್ಲ. ಇಷ್ಟು ಹಣ ಕೊಡಿ, ನಿಮ್ಮ ಹೆಸರನ್ನು ಅಂತರಜಾಲದಿಂದಲೇ ಶಾಶ್ವತವಾಗಿ ಅಳಿಸುತ್ತೇವೆ ಎನ್ನುವ ಮಧ್ಯಸ್ಥರ ಮಾತನ್ನು ನಂಬುವುದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಪರರ ತಾಣದ ಬೀಗದ ಕೈ ಅವರಲ್ಲಿ ಇರುವುದಿಲ್ಲ. ಹೊಸ ಪುಟಗಳನ್ನು ಹುಟ್ಟಿಸಿ ಹಳೆಯದನ್ನು ಪಟ್ಟಿಯ ಕೆಳಕ್ಕೆ ತಳ್ಳುವುದೇ ಹಲವರ ವಿದ್ಯೆ.

ಯುರೋಪಿನಲ್ಲಿ ಈ ವಿಷಯಕ್ಕೆ ಕಾಯದೆಯ ಬಲ ಬಂದ ಬಗೆ ಬೋಧಪ್ರದವಾದುದು. ಸ್ಪೇನ್ ದೇಶದ ಒಂದು ಪತ್ರಿಕೆಯು 1998ರಲ್ಲಿ, ಸಾಮಾಜಿಕ ವಿಮೆಯ ಬಾಕಿಗಾಗಿ ಒಬ್ಬ ಗೃಹಸ್ಥನ ಆಸ್ತಿಯ ಹರಾಜಿನ ಕಿರುಪ್ರಕಟಣೆಯನ್ನು ಅಚ್ಚುಮಾಡಿತ್ತು. ಬಾಕಿ ಎಂದೋ ತೀರಿತು. ಪತ್ರಿಕೆಯ ಹಳೆಯ ಸಂಚಿಕೆ ಅಂತರಜಾಲಕ್ಕೆ ಏರಿದ ಮೇಲೆ ಪ್ರಕಟಣೆ ಮಾತ್ರ ಅವನ ಹೆಸರಿಗೆ ಅಂಟಿಕೊಂಡಿತು. ಯುರೋಪಿನ ಉಚ್ಚ ನ್ಯಾಯಾಲಯವು 2014ರ ಮೇ 13ರಂದು, ಹೆಸರನ್ನು ಹುಡುಕಿದಾಗ ಬರುವ ಫಲಿತಾಂಶಗಳಿಂದ ಆ ಕೊಂಡಿಗಳನ್ನು ಶೋಧಯಂತ್ರವು ತೆಗೆಯಬೇಕೆಂದು ತೀರ್ಪಿತ್ತಿತು. ಪತ್ರಿಕೆಯು ತನ್ನ ಪುಟವನ್ನು ಅಳಿಸಬೇಕಾಗಿ ಬರಲಿಲ್ಲ. ಆದರೆ ಈ ಆಜ್ಞೆ ಲೋಕಕ್ಕೆಲ್ಲ ಅನ್ವಯಿಸಬೇಕಾಗಿಲ್ಲವೆಂದು 2019ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯ ಹೇಳಿತು. ಮರೆಯಲ್ಪಡಬೇಕೆಂದು ಹೋರಾಡಿದ ಆ ಗೃಹಸ್ಥನ ಹೆಸರು ಇಂದು ಕಾಯದೆಯ ಪಠ್ಯಪುಸ್ತಕಗಳಲ್ಲೆಲ್ಲ ಇದೆ! ಹಕ್ಕನ್ನು ಸಾಧಿಸಲು ಮೇಲಿನ ನ್ಯಾಯಾಲಯದವರೆಗೆ ಹೋದವನು ತಾನು ಮುಚ್ಚಬೇಕೆಂದುದನ್ನೇ ಡಂಗುರ ಸಾರಿಸಿದಂತಾಗುವ ಈ ವಿಪರ್ಯಾಸವನ್ನು ನಮ್ಮ ಶಾಸಕರು ಮನಗಾಣಬೇಕು.

ನಮ್ಮ ಸಂಸತ್ತು 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯದೆಯನ್ನು ಅಂಗೀಕರಿಸಿತು. ಅದರ ನಿಯಮಗಳು 2025ರ ನವೆಂಬರದಲ್ಲಿ ಪ್ರಕಟವಾದವು. ಮುಖ್ಯ ವಿಧಿಗಳ ಜಾರಿಗೆ ಹದಿನೆಂಟು ತಿಂಗಳ ಅವಧಿಯನ್ನಿಡಲಾಯಿತು. ತಾನು ಒಪ್ಪಿ ಕೊಟ್ಟ ವಿವರಗಳನ್ನು ತಿದ್ದಿಸುವ, ಅಳಿಸಿಸುವ ಹಕ್ಕನ್ನು ಅದರ 12ನೆಯ ಕಲಮು ಪ್ರಜೆಗೆ ಕೊಡುತ್ತದೆ. ಇದು ಸ್ವಾಗತಾರ್ಹ. ಆದರೆ ಕಾಯದೆಯ ಬಾಧ್ಯತೆಯಂತೆ ಬಹಿರಂಗಗೊಳಿಸಿದ ವಿವರಗಳಿಗೆ ಈ ಕಾಯದೆಯೇ ಅನ್ವಯಿಸದು. ಆದುದರಿಂದ ನ್ಯಾಯಾಲಯದ ದಾಖಲೆಯಲ್ಲಿ ಹೆಸರು ಸಿಲುಕಿದವನಿಗೆ ಇಲ್ಲಿ ಭದ್ರವಾದ ಆಸರೆ ಕಾಣುವುದಿಲ್ಲ. ಇ-ಕೋರ್ಟ್ಸ್ ತಾಣದಲ್ಲಿ ಕಕ್ಷಿಗಾರನ ಹೆಸರಿನಿಂದಲೇ ಜಿಲ್ಲಾ ನ್ಯಾಯಾಲಯಗಳ ಖಟ್ಲೆಗಳನ್ನು ಹುಡುಕಬಹುದಾದ ಈ ಕಾಲದಲ್ಲಿ ಇದು ಸಣ್ಣ ಕೊರತೆಯಲ್ಲ.

ಮರೆವಿಗೆ ಕಾಯದೆಯಲ್ಲಿ ಸ್ಥಾನವಿಲ್ಲವೆಂದು ಯಾರೂ ವಾದಿಸಲಾರರು. ಅತ್ಯಾಚಾರಕ್ಕೆ ಗುರಿಯಾದವರ ಗುರುತನ್ನು ಪ್ರಕಟಿಸುವುದನ್ನು ನಮ್ಮ ದಂಡಸಂಹಿತೆ 1983ರಲ್ಲಿಯೇ ಅಪರಾಧವೆಂದಿತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ 72ನೆಯ ಕಲಮಿನಲ್ಲಿ ಅದನ್ನೇ ಹೇಳುತ್ತದೆ. ಬಾಲಕನ ಅಪರಾಧದ ದಾಖಲೆಯನ್ನು, ಕೆಲವು ಘೋರ ಪ್ರಕರಣಗಳ ಹೊರತು, ಅಪೀಲಿನ ಅವಧಿ ಕಳೆದ ಮೇಲೆ ನಾಶಪಡಿಸಬೇಕೆಂದು 2015ರ ಬಾಲನ್ಯಾಯ ಕಾಯದೆ ವಿಧಿಸುತ್ತದೆ. 1958ರ ಪರಿವೀಕ್ಷಣಾ ಕಾಯದೆಯು ಸನ್ನಡತೆಯ ಮೇಲೆ ಬಿಡಲ್ಪಟ್ಟವನಿಗೆ ಶಿಕ್ಷೆಯಿಂದುಂಟಾಗುವ ಅನರ್ಹತೆ ತಟ್ಟಬಾರದೆನ್ನುತ್ತದೆ. ಮನುಷ್ಯನು ತಿದ್ದಿಕೊಂಡಾನೆಂಬ ನಂಬಿಕೆ ಈ ಎಲ್ಲ ಕಲಮುಗಳ ಹಿಂದಿದೆ. ಹಾಳೆಯ ಕಾಲದಲ್ಲಿ ನಮ್ಮ ಹಿರಿಯರು ಒಪ್ಪಿದ ಈ ಧರ್ಮವನ್ನು ಯಂತ್ರದ ಕಾಲದಲ್ಲಿ ನಾವು ಬಿಟ್ಟುಕೊಡಬೇಕಾದ ಕಾರಣವಿಲ್ಲ.

ಆದರೆ ಇದರ ಇನ್ನೊಂದು ಮುಖವನ್ನು ಮರೆಮಾಚುವುದು ಪತ್ರಿಕೆಗೆ ಶೋಭಿಸದು. ಅಳಿಸುವ ಹಕ್ಕು ದುರ್ಬಲನ ಕೈಯಲ್ಲಿ ಗುರಾಣಿಯಾದರೆ ಪ್ರಬಲನ ಕೈಯಲ್ಲಿ ಕತ್ತಿಯಾದೀತು. ಠೇವಣಿದಾರರ ಹಣ ನುಂಗಿದ ಸಹಕಾರಿ ಬ್ಯಾಂಕಿನ ನಿರ್ದೇಶಕ, ಕಟ್ಟದ ಮನೆಗಳನ್ನು ಮಾರಿದ ಬಿಲ್ಡರ, ಲಂಚ ಪಡೆದ ಅಧಿಕಾರಿ, ಮತ ಬೇಡಲು ಬರುವ ಮುಖಂಡ, ಇವರು ತಮ್ಮ ಹಿಂದಿನ ನಡತೆಯನ್ನು ಶೋಧಯಂತ್ರದಿಂದ ತೆಗೆಸುವಂತಾದರೆ ಜನರಿಗೆ ಯಾರು ಎಚ್ಚರಿಕೆ ಕೊಡಬೇಕು? ಮೇಲೆ ಹೇಳಿದ ದತ್ತಾಂಶ ಕಾಯದೆಯೇ ಮಾಹಿತಿ ಹಕ್ಕಿನ ಕಾಯದೆಯ 8ನೆಯ ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿಯ ನೆಪದಲ್ಲಿ ಉತ್ತರ ನಿರಾಕರಿಸಲು ಹೆಚ್ಚಿನ ಎಡೆ ಮಾಡಿಕೊಟ್ಟಿದೆಯೆಂಬ ಆಕ್ಷೇಪವೂ ಇದೆ. ಈ ಆಕ್ಷೇಪದಲ್ಲಿ ಹುರುಳಿದೆಯೆಂದೇ ನಮ್ಮ ಅಭಿಪ್ರಾಯ. ನ್ಯಾಯಾಲಯದ ಬಾಗಿಲು ತೆರೆದಿರಬೇಕು, ತೀರ್ಪುಗಳು ಜನರ ಸೊತ್ತಾಗಿರಬೇಕು, ಇತಿಹಾಸವನ್ನು ಕೊರೆದು ತೆಗೆಯಬಾರದು.

ಹೀಗಿರುವಾಗ ಎರಡನ್ನೂ ಉಳಿಸುವ ದಾರಿ ಯಾವುದು? ತೀರ್ಪನ್ನು ಉಳಿಸಿ ಹೆಸರನ್ನು ಮುಚ್ಚುವ ಕರ್ನಾಟಕ ಹೈಕೋರ್ಟಿನ ದಾರಿಯೇ ಸರಿಯೆಂದು ನಾವು ನಂಬುತ್ತೇವೆ; ಆದರೆ ಅದು ಮೂಲದಲ್ಲಿಯೇ ಆಗಬೇಕು. ಕೌಟುಂಬಿಕ ವ್ಯಾಜ್ಯಗಳಲ್ಲಿ, ಸ್ತ್ರೀಯರ ಮಕ್ಕಳ ಮಾನಕ್ಕೆ ಸಂಬಂಧಿಸಿದ ಪ್ರಕರಣಗಳಲ್ಲಿ, ರಾಜಿಯಾಗಿ ರದ್ದಾದ ಮತ್ತು ಬಿಡುಗಡೆಯಲ್ಲಿ ಮುಗಿದ ಸಾಮಾನ್ಯ ಪ್ರಜೆಗಳ ಖಟ್ಲೆಗಳಲ್ಲಿ, ತೀರ್ಪನ್ನು ತಾಣಕ್ಕೆ ಏರಿಸುವ ಮೊದಲೇ ರಿಜಿಸ್ಟ್ರಿಯು ಹೆಸರಿನ ಬದಲು ಅಕ್ಷರವನ್ನು ಹಾಕತಕ್ಕದ್ದು. ಹೆಸರುಳ್ಳ ಪ್ರತಿಯು ದಫ್ತರದಲ್ಲಿರಲಿ, ಕಾರಣ ತೋರಿಸಿ ಕೇಳಿದವರಿಗೆ ಸಿಗಲಿ. ಸಾರ್ವಜನಿಕ ಅಧಿಕಾರವನ್ನೂ ಸಾರ್ವಜನಿಕರ ಹಣವನ್ನೂ ನಿರ್ವಹಿಸಿದವರಿಗೆ, ಆ ಅಧಿಕಾರಕ್ಕೆ ಸಂಬಂಧಿಸಿದ ವಿಷಯದಲ್ಲಿ, ಈ ರಿಯಾಯಿತಿ ಸಲ್ಲದು. ಇದನ್ನು ಪ್ರತಿಯೊಬ್ಬನೂ ವಕೀಲರಿಗೆ ಹಣ ತೆತ್ತು ಹೈಕೋರ್ಟಿನಲ್ಲಿ ಬೇಡುವಂತಾಗಬಾರದು. ಬಾಂಧಕಾಮದ ಕೂಲಿಗೂ ಕಂಪನಿಯ ಅಧಿಕಾರಿಗೂ ಸಮನಾಗಿ ದೊರೆಯುವ ನಿಯಮವಾಗಿ ಇದು ಬರಬೇಕು.

ಮಾನಹರಣದ ಚಿತ್ರಗಳ ಮಾತೇ ಬೇರೆ. ಅಲ್ಲಿ ತೂಗಿನೋಡಬೇಕಾದ ಎರಡನೆಯ ಪಕ್ಷವೇ ಇಲ್ಲ. ನೊಂದವರು ಅಥವಾ ಅವರ ಪರವಾಗಿ ಬೇರೆಯವರು ದೂರಿತ್ತ 24 ಗಂಟೆಗಳೊಳಗೆ ಇಂತಹ ಚಿತ್ರಗಳನ್ನು ತಡೆಯಲು ಕ್ರಮ ಕೈಗೊಳ್ಳಬೇಕೆಂದು 2021ರ ನಿಯಮಗಳೇ ಜಾಲ ಸಂಸ್ಥೆಗಳಿಗೆ ವಿಧಿಸಿದವು. ಇಂತಹ ಆಪತ್ತಿಗೆ ಸಿಲುಕಿದ ಹೆಣ್ಣುಮಕ್ಕಳು ಮಾನಕ್ಕಂಜಿ ಬಾಯಿಮುಚ್ಚಿ ಕೂಡಬಾರದು. ಪುಟದ ವಿಳಾಸವನ್ನು ಬರೆದಿಟ್ಟುಕೊಂಡು, ಸಂಸ್ಥೆಯ ದೂರು ಅಧಿಕಾರಿಗೂ, ಸೈಬರ್ ಪೊಲೀಸರಿಗೂ, ರಾಷ್ಟ್ರೀಯ ಸೈಬರ್ ಅಪರಾಧ ದೂರು ತಾಣಕ್ಕೂ ಕೂಡಲೇ ತಿಳಿಸಬೇಕು. ಮನೆಯ ಹಿರಿಯರು ಆ ಹೊತ್ತಿನಲ್ಲಿ ಬೈಯುವುದನ್ನು ಬಿಟ್ಟು ಬೆನ್ನಿಗೆ ನಿಲ್ಲಬೇಕು.

ಕೊನೆಯದಾಗಿ ನಮ್ಮ ನಮ್ಮೊಳಗಿನ ಮಾತು. ಸರಕಾರಕ್ಕೆ, ನ್ಯಾಯಾಲಯಕ್ಕೆ, ಪರದೇಶದ ಕಂಪನಿಗೆ ಬುದ್ಧಿ ಹೇಳುವ ಮುನ್ನ ನಮ್ಮ ಮನೆಯ ಅಂಗಳವನ್ನು ಗುಡಿಸಿಕೊಳ್ಳುವುದು ಲೇಸು. ಪರಊರಿನ ಸಂಘಸಂಸ್ಥೆಗಳು ಸದಸ್ಯರ ವಿಳಾಸಗಳನ್ನು, ವಧೂವರರ ಜಾತಕ ಸಹಿತವಾದ ವಿವರಗಳನ್ನು, ಶಿಷ್ಯವೇತನ ಪಡೆದ ಬಡ ವಿದ್ಯಾರ್ಥಿಗಳ ಹೆಸರುಗಳನ್ನು ಎಲ್ಲರಿಗೂ ಕಾಣುವಂತೆ ಜಾಲತಾಣದಲ್ಲಿ ಹಾಕುವ ರೂಢಿಯಿದೆ. ಮದುವೆಯಾಗಿ ವರ್ಷಗಳು ಕಳೆದರೂ ವಧುವಿನ ವಿವರ ಅಲ್ಲಿಯೇ ಇದ್ದರೆ ಅದು ಯಾರಿಗೆ ಉಪಕಾರ? ಕೆಲಸ ಮುಗಿದ ಪಟ್ಟಿಯನ್ನು ವರ್ಷಕ್ಕೊಮ್ಮೆ ತೆಗೆಯುವುದನ್ನು ಸಂಘದ ಕಾರ್ಯದರ್ಶಿಗಳು ವಾರ್ಷಿಕ ಸಭೆಯ ಕಾರ್ಯಗಳಲ್ಲಿ ಸೇರಿಸಿಕೊಳ್ಳಬೇಕು.

ಪತ್ರಿಕೆಗಳೂ ಈ ಹೊಣೆಯಿಂದ ಹೊರತಲ್ಲ. ಬಂಧನದ ಸುದ್ದಿಯನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿ ಬಿಡುಗಡೆಯ ಸುದ್ದಿಯನ್ನು ಮರೆತ ಪಾಪ ನಮ್ಮ ವೃತ್ತಿಯ ಮೇಲಿದೆ. ನಾವು ಹಳೆಯ ಸಂಚಿಕೆಯನ್ನು ಅಳಿಸುವುದಿಲ್ಲ. ಅದು ಕಾಲದ ಸಾಕ್ಷಿ. ಆದರೆ ನಿರ್ದೋಷಿಯೆಂಬ ತೀರ್ಪಿನ ಪ್ರತಿಯನ್ನು ತೋರಿಸಿದ ಸಾಮಾನ್ಯ ಪ್ರಜೆಯ ವಿಷಯದಲ್ಲಿ, ಹಳೆಯ ಸುದ್ದಿಯ ನೆತ್ತಿಯ ಮೇಲೆಯೇ ಬಿಡುಗಡೆಯ ಸಂಗತಿಯನ್ನು ಸೇರಿಸುವುದು, ಆ ಪುಟವು ಶೋಧಯಂತ್ರದ ಸೂಚಿಗೆ ಸೇರದಂತೆ ಗುರುತು ಹಚ್ಚುವುದು ನಮ್ಮ ಕರ್ತವ್ಯವೆಂದು ಒಪ್ಪಿಕೊಳ್ಳುತ್ತೇವೆ. ಬೇರೆ ಪತ್ರಿಕೆಗಳೂ ಇದೇ ಪರಿಪಾಠವನ್ನು ಇಟ್ಟುಕೊಳ್ಳಲೆಂದು ವಿನಂತಿಸುತ್ತೇವೆ.

ಮನುಷ್ಯನ ಮನಸ್ಸಿಗೆ ಮರೆವು ಇರುವುದರಿಂದಲೇ ಮುನಿದ ಅಣ್ಣತಮ್ಮಂದಿರು ಮತ್ತೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ, ಕೆಟ್ಟವನು ಪಟ್ಟಣ ಸೇರಿ ನೆಟ್ಟಗಾಗುತ್ತಾನೆ. ಯಂತ್ರಕ್ಕೆ ಆ ಗುಣವಿಲ್ಲ. ಅದನ್ನು ಕಾಯದೆಯಿಂದ, ನ್ಯಾಯಾಲಯದ ಶಿಸ್ತಿನಿಂದ, ನಮ್ಮ ಸೌಜನ್ಯದಿಂದ ನಾವೇ ತುಂಬಿಕೊಡಬೇಕಾಗಿದೆ. ಬೆನ್ನಿಗೆ ಗಂಟು ಕಟ್ಟಿಕೊಂಡು ಪುಣೆಯ ರೈಲು ನಿಲ್ದಾಣದಲ್ಲಿ ಇಳಿಯುವ ನಾಳಿನ ಕನ್ನಡಿಗನಿಗೂ, ನಮ್ಮ ಹಿರಿಯರಿಗೆ ದೊರೆತಂತೆ, ಕೈಯ ಕೆಲಸದಿಂದ ಹೆಸರು ಗಳಿಸುವ ಅವಕಾಶ ದೊರೆಯಲೆಂದು ಹಾರೈಸುತ್ತೇವೆ.